ನಾನು ನಿಲ್ಲಿಸಿದ ಪಿಕ್ಚರ್

ಶರಣೂ, ಆ ಪಿಕ್ಚರ್ ಅಲ್ಲಿಗೆ ಮುಗಿದಿರಲಿಲ್ಲ. ನಾನೇ ನಿಲ್ಲಿಸಿದೆ.

ನೆನಪಿದೆಯಲ್ಲ — ಬಸವಕಲ್ಯಾಣದ ನಮ್ಮ ಕಾಲೇಜಿನಲ್ಲಿ ಹುಡುಗರಿಗೆಂದು ನಾನು ತೋರಿಸಿದ ಹಳೆಯ ಮೂಕಿಚಿತ್ರ. ಪ್ರೊಜೆಕ್ಟರ್ ವೈರು ಜೋಡಿಸಲು ಬಂದ ನೀನು ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಮುಂದಿನ ಸಾಲಿನಲ್ಲಿ ನನ್ನ ವಿದ್ಯಾರ್ಥಿನಿ ಸುಜಾತಾ. ಅವಳ ತಂದೆ ನಮ್ಮ ಅಪ್ಪನ ದಾಲ್‌ಮಿಲ್ಲಿನಲ್ಲಿ ಚೀಲ ಹೊಲಿಯುತ್ತಿದ್ದರು. ನಿಮ್ಮಿಬ್ಬರ ವಿಷಯ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನೀನೇ ನಂಬಿ ಹೇಳಿದ್ದೆ.

ಪರದೆಯ ಮೇಲೆ ಗಿರಣಿ ಮಾಲಕನ ಮಗ, ಇಸ್ತ್ರಿ ಮಾಡುವ ಹುಡುಗಿ. ಇಂಗ್ಲಿಷ್ ಬರಹವನ್ನು ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು — ಎಲ್ಲರಿಗಿಂತ ಜೋರಾಗಿ ನೀನು. ಕೊನೆಗೆ ಹುಡುಗಿ ಗಂಟು ಕಟ್ಟಿಕೊಂಡು ರೈಲು ಹತ್ತಿದಳು. ಅಲ್ಲಿ ನಾನು ಗುಂಡಿ ಒತ್ತಿದೆ. "ಮುಗೀತು."

ಸುಜಾತಾ ಎದ್ದು ನಿಂತು ಕೇಳಿದಳು: "ಅಕಿ ತಾನೇ ಬಿಟ್ಟು ಹೋದ್ಲೇನ್ರಿ ಸರ್?"

"ಹೌದವ್ವ," ಎಂದೆ, ಅವಳ ಕಣ್ಣಲ್ಲೇ ಕಣ್ಣಿಟ್ಟು. "ಶಾಣ್ಯಾಕಿ ಇದ್ದಾಳ, ತಿಳುವಳಿಕಿ ಐತಿ."

ಅವಳಿಗೆ ಅರ್ಥವಾಯಿತು. ಮರುದಿನದಿಂದ ನಿನ್ನ ಫೋನ್ ಎತ್ತಲಿಲ್ಲ. ಏನು ತಪ್ಪು ಮಾಡಿದೆನೋ ಎಂದು ನೀನು ನನ್ನ ಹೆಗಲ ಮೇಲೇ ತಲೆಯಿಟ್ಟು ಅತ್ತೆ — ನಾನು ಬೆನ್ನು ಸವರುತ್ತಾ ಕುಳಿತೆ.

ಅಪ್ಪನಿಗೆ ಹೆದರಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಚೀಲ ಹೊಲಿಯುವವರನ್ನು 'ಬೀಗರೇ, ಬರ್ರಿ' ಎಂದು ಕರೆಯುವುದು — ಅದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ತರಗತಿಯಲ್ಲಿ ಸಮಾನತೆಯ ಪಾಠ ಹೇಳುತ್ತಿದ್ದವನು ನಾನು.

ಅವಳೀಗ ಚಿಟಗುಪ್ಪದಲ್ಲಿ ಟೀಚರು. ಗಂಡ, ಇಬ್ಬರು ಮಕ್ಕಳು. ನೀನು ಹುಮನಾಬಾದಿನ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ಒಬ್ಬನೇ. ಮದುವೆ ಮಾತೆತ್ತಿದರೆ, "ಆರಾಮ ಇದ್ದೀನಿ ಬಿಡೋ ಅಣ್ಣಾ" ಎಂದು ನನ್ನನ್ನೇ ಸಮಾಧಾನ ಮಾಡುತ್ತೀ.

ಮೊನ್ನೆ ನೀನು ನಗುತ್ತಾ ಫೋನ್ ಮಾಡಿದೆ. "ಅಣ್ಣಾ, ಆ ಪಿಕ್ಚರ್ ಮೊಬೈಲಿನ್ಯಾಗ ಸಿಕ್ತು! ಇನ್ನೂ ಹತ್ತು ನಿಮಿಷ ಐತಲ್ಲೋ! ಹುಡುಗ ರೈಲಿನ ಹಿಂದ ಓಡ್ತಾನ, ಅಕಿ ಜಿಗಿದು ಇಳೀತಾಳ. ಇಬ್ರೂ ಕೂಡ್ತಾರ!"

"ಹೌದಾ?" ಎಂದೆ. "ನನ್ನ ಕಾಪಿ ಅಷ್ಟೇ ಇತ್ತು."

ಇಷ್ಟು ವರ್ಷವಾದ ಮೇಲೂ — ಮತ್ತೆ ಸುಳ್ಳು. ನಿನ್ನ ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ, ಶರಣು.

ರವಿವಾರ ಹುಮನಾಬಾದಿಗೆ ಬರುತ್ತೇನೆ. ನೀನು ಎಂದಿನಂತೆ ಸ್ಟ್ಯಾಂಡಿಗೆ ಬಂದು ನನ್ನ ಕೈಯಿಂದ ಬ್ಯಾಗು ಕಸಿದುಕೊಳ್ಳಲು ನೋಡುತ್ತೀ. ಈ ಸಲ ಕೊಡುವುದಿಲ್ಲ. ಅಲ್ಲೇ, ಬಸ್ಸಿನ ಬಾಗಿಲಲ್ಲೇ ನಿಂತು, ಮೊದಲು ಇದನ್ನೆಲ್ಲ ಹೇಳುತ್ತೇನೆ.