ಕಪ್ಪೆಯ ಹಾಡಿನಲ್ಲಿ ಅರ್ಧ ನಿಮಿಷ

“ಕಾಕಾ, ಅರ್ಧ ನಿಮಿಷ ಅಷ್ಟ ಕಟ್ ಮಾಡಿಬಿಡ್ರಿ. ಯಾರಿಗೂ ಗೊತ್ತಾಗಂಗಿಲ್ಲ.”

ನ್ಯೂಸ್ ಡೆಸ್ಕಿನಲ್ಲಿ ಕೂತ ವರ್ಷಗಳಲ್ಲಿ ಇಂಥ ವಿನಂತಿಗಳನ್ನು ಬೇಕಾದಷ್ಟು ಕೇಳಿದ್ದೇನೆ. ಒಂದು ಪ್ಯಾರಾ ತೆಗೆಯಿರಿ, ಒಂದು ಹೆಸರು ಬಿಡಿ, ಫೋಟೊದಲ್ಲಿ ಎಡಕ್ಕೆ ನಿಂತವರನ್ನು ಕತ್ತರಿಸಿ. (ಎಡಕ್ಕೆ ನಿಂತವರು ಸಾಮಾನ್ಯವಾಗಿ ಕೇಳಿದವರ ಸ್ವಂತ ತಮ್ಮ.) ಆದರೆ ಒಂದು ಕಪ್ಪೆಯ ವಿಷಯಕ್ಕೆ ಯಾರೂ ನನ್ನೆದುರು ಕೈಮುಗಿದಿರಲಿಲ್ಲ. ಈಚೆಗೆ ಅದೂ ಆಯಿತು.

ಕೈಮುಗಿದವನು ಬನಹಟ್ಟಿಯ ಮಹಾದೇವ. ಸ್ವಂತ ಪವರ್‌ಲೂಮ್ ಶೆಡ್ಡು, ಸೀರೆ ವ್ಯಾಪಾರ, ಮೀಸೆಯಲ್ಲಿ ಬಿಳಿ ಕೂದಲು. ಯಾವ ಸಭೆಗೆ ಹೋದರೂ ಮುಂದಿನ ಸಾಲಿನ ಕುರ್ಚಿ ಸಿಗುವ ಮನುಷ್ಯ. ನಾನು ಹೊಸ ವರದಿಗಾರನಾಗಿ ಆ ಊರಿಗೆ ಹೋದಾಗ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಆಗ ಅವನು ಹೈಸ್ಕೂಲು. ಅವನ ಅಕ್ಕ ಗಂಗವ್ವ ಕೆಳಗೆ ಮಗ್ಗ ನಡೆಸುತ್ತಿದ್ದಳು. ಮಗ್ಗದ ಪಕ್ಕದ ಕೋಣೆಯಲ್ಲಿ ಟಿವಿ. ಆ ಟಿವಿಗೆ ಮಹಾದೇವ ಒಂದು ವಿಡಿಯೊ ಗೇಮ್ ಹಚ್ಚಿದ್ದ.

ಗೇಮಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಡಬ್ಬಿಯ ಮೇಲೆ ಯಾವುದೋ ದೇಶದ ಲಿಪಿ. ಹಾಗಾಗಿ ಅದು ‘ಕಪ್ಪಿ ಗೇಮ್’. ಆಳವಾದ ಬಾವಿಯ ತಳದಿಂದ ಕಪ್ಪೆಯೊಂದು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಮೇಲೆ ಬರಬೇಕು. ದಾರಿಯಲ್ಲಿ ಹಾವು, ಏಡಿ, ನೆತ್ತಿಯ ಮೇಲೇ ಇಳಿಯುವ ಕೊಡ. ಅರ್ಧ ಏರಿದವರೇ ಓಣಿಯಲ್ಲಿ ಕಡಿಮೆ. ಪೂರ್ತಿ ಏರಿದವನು ಒಬ್ಬನೇ, ಮಹಾದೇವ. ಹಾಗಂತ ಹೇಳಿದವನೂ ಒಬ್ಬನೇ, ಮಹಾದೇವ.

ಮೂವತ್ತು ವರ್ಷದಿಂದ ಇದನ್ನು ನಂಬದವನು ಈರಣ್ಣ. ಮಹಾದೇವನ ಕ್ಲಾಸ್‌ಮೇಟ್. ಈಗ ಅದೇ ಓಣಿಯ ಮೂಲೆಯಲ್ಲಿ ಚಹಾದಂಗಡಿ ಇಟ್ಟಿದ್ದಾನೆ. ಮಹಾದೇವ ಕಾಲಿಟ್ಟರೆ ಸಾಕು, “ಬರ್ರಿ ಬಾವಿ ಸಾಹುಕಾರ್ರ, ಇವತ್ತ ಎಷ್ಟ ಏರಿದ್ರಿ?” ಮಹಾದೇವ ಪ್ರತಿ ಸಲ ಸಿಟ್ಟಿಗೇಳುತ್ತಾನೆ. ಪ್ರತಿ ಸಲ ಹೋಗುತ್ತಾನೆ ಕೂಡ.

ಗೆದ್ದ ದಿನ ಅವನು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೊನೆಯ ಹಾಡನ್ನು ಹಿಡಿದಿದ್ದ, ಸಾಕ್ಷಿಗೆ ಅಂತ. ಈರಣ್ಣ ಕೇಳಿ ಏನೆಂದ? “ಹಾಡ ಯಾವ್ದರ ಇರಬೋದು. ನೀ ಆಡಿದ್ದ ಎಲ್ಲಿ ಕೇಳಸ್ತೈತಿ ಇದರಾಗ?” ಮುಂದೆ ಗೇಮಿನ ಡಬ್ಬಿ ಮುಧೋಳದ ಬೀಗರ ಮನೆಗೆ ಹೋಗಿ ತಿರುಗಿ ಬರಲಿಲ್ಲ. ಉಳಿದದ್ದು ಆ ಕ್ಯಾಸೆಟ್ಟೊಂದೇ.

ಹೀಗಿರುವಾಗ ಮಹಾದೇವ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತ ಒಂದು ವಿಕಿಯೊಳಗೆ ಹೋಗಿ ಬಿದ್ದ. ಹಳೇ ವಿಡಿಯೊ ಗೇಮ್‌ಗಳ ಸಂಗೀತವನ್ನು ಕಾಪಾಡುವ ವಿಕಿ. ಎಲ್ಲೆಲ್ಲಿನವರೋ ತಮ್ಮಲ್ಲಿರುವ ಟಿಂಗ್ ಟಿಂಗ್ ಹಾಡುಗಳನ್ನು ಅಲ್ಲಿ ತಂದಿಡುತ್ತಾರೆ, ಸಂಬಳವಿಲ್ಲದೆ. ಅಲ್ಲೊಂದು ಪುಟದಲ್ಲಿ ನಮ್ಮ ಕಪ್ಪೆಯ ಚಿತ್ರ! ಆರಂಭದ ಹಾಡು: ಇದೆ. ಕೊನೆಯ ಹಾಡು: ಸಿಕ್ಕಿಲ್ಲ.

ಮರುದಿನವೇ ಅವನು ಜಮಖಂಡಿಯ ನಮ್ಮ ಮನೆಯಲ್ಲಿದ್ದ. ಒಂದು ಕೈಯಲ್ಲಿ ಕ್ಯಾಸೆಟ್ಟು. ಇನ್ನೊಂದು ಕೈಯಲ್ಲಿ, ಆ ವಿಕಿಗೆ ಹಾಡು ಕೊಡುವವರು ಪಾಲಿಸಬೇಕಾದ ನಿಯಮಗಳ ಪ್ರಿಂಟು.

“ನೀವ ಪೇಪರ್‌ನ್ಯಾಗ ಇದ್ದವ್ರು. ಈ ಇಂಗ್ಲಿಷ್ ನೀವ ನೋಡ್ರಿ. ಇದರಾಗ ನನ್ನ ಹೆಸರ ಬಂತಂದ್ರ ಈರ್ಯಾ ಬಾಯಿ ಮುಚ್ಚಬೇಕು.”

ನಿಯಮ ಓದಿದೆ. ಓದಿ ಎದ್ದು ನಿಲ್ಲಬೇಕು ಅನ್ನಿಸಿತು. ‘ಮಧುರ’, ‘ಅದ್ಭುತ’, ‘ಮರೆಯಲಾಗದ’ ಮುಂತಾದ ಶಬ್ದ ಬೇಡ, ಹಾಡಿನಲ್ಲಿ ಏನಿದೆ ಅಷ್ಟು ಹೇಳಿ. ಹಾಡಿನ ಹೆಸರು ಗೊತ್ತಿಲ್ಲದಿದ್ದರೆ ನೀವೇ ನಾಮಕರಣ ಮಾಡಬೇಡಿ. ನೆನಪಿರುವುದನ್ನು ಬರೆಯಬೇಡಿ, ಕೇಳಿಸುವುದನ್ನು ಬರೆಯಿರಿ. ಹಿನ್ನೆಲೆಯ ಗದ್ದಲವನ್ನು ಅಳಿಸಬೇಡಿ, ಅದು ಯಾವ ಗದ್ದಲ ಅಂತ ತಿಳಿಸಿ. ನಡುವೆ ಎಲ್ಲೂ ಕತ್ತರಿಸಬೇಡಿ. ಆಡಿದವರು ಯಾರು, ರೆಕಾರ್ಡ್ ಮಾಡಿದವರು ಯಾರು, ಬೇರೆ ಬೇರೆ ನಮೂದಿಸಿ. ಯಾರದಾದರೂ ದನಿ ಬಂದಿದ್ದರೆ ಅವರ ಒಪ್ಪಿಗೆ ಪಡೆಯಿರಿ.

ಇಷ್ಟನ್ನೇ ನಮ್ಮ ವರದಿಗಾರರಿಗೆ ಕಲಿಸಲು ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ. ನಿಧನ ವಾರ್ತೆಯಿಂದ ‘ತುಂಬಲಾರದ ನಷ್ಟ’ವನ್ನು ಹೊರಹಾಕಲು ಕಡೆಗೂ ಆಗಲಿಲ್ಲ. ಇಲ್ಲಿ ನೋಡಿದರೆ, ಒಬ್ಬರ ಮುಖ ಒಬ್ಬರು ನೋಡದ ಜನ ಒಂದು ಕಪ್ಪೆಯ ಹಾಡಿಗೆ ಇಷ್ಟು ಶಿಸ್ತು ಇಟ್ಟುಕೊಂಡಿದ್ದಾರೆ! ಈ ನಿಯಮಗಳನ್ನು ನಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಚ್ಚಿದರೆ ಏನು ಉಳಿದೀತು? ಬೆಳಗಿನ ಹೂವಿನ ಚಿತ್ರ ಒಂದೇ. (ಅದನ್ನೂ ಎಲ್ಲಿಂದ ತಂದಿರಿ ಅಂತ ಕೇಳುತ್ತಾರೆ.)

ನನ್ನ ಹಳೇ ಟೇಪ್ ರೆಕಾರ್ಡರ್ ಅಟ್ಟದಿಂದ ಇಳಿಯಿತು. ಮಹಾದೇವ ತಾನೇ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿ ಸರಿಯಾದ ಜಾಗಕ್ಕೆ ನಿಲ್ಲಿಸಿದ. ಹಾಡು ಬಂತು. ಟಿಂಗ್ ಟಿಂಗ್ ರಾಗ, ಅದರ ಕೆಳಗೆ ಗಟ್ಟಿ ತಾಳ. ಖಟಕ್-ಖಟ್, ಖಟಕ್-ಖಟ್. ಮಹಾದೇವ ಕಣ್ಣು ಮುಚ್ಚಿ ತೊಡೆ ತಟ್ಟಿದ. ಅಷ್ಟು ಭಾಗವನ್ನು ಕಂಪ್ಯೂಟರಿಗೆ ಇಳಿಸಿ, ಮಾದರಿಗೆ ಅಂತ ಕಳಿಸಿದೆ. ಶಿಸ್ತಾಗಿ ಬರೆದೆ: ತಾಳವಾದ್ಯವಿದೆ. ಆಡಿದವರು, ಮಹಾದೇವ.

ವಿಕಿಯ ಪರಿಶೀಲಕರೊಬ್ಬರಿಂದ ಬಹಳ ವಿನಯದ ಉತ್ತರ ಬಂತು. ಆ ಕಾಲದ ಗೇಮ್ ಯಂತ್ರದ ಚಿಪ್‌ಗೆ ಇಂಥ ತಾಳ ಹುಟ್ಟಿಸುವ ಶಕ್ತಿ ಇರಲಿಲ್ಲ. ತಾವು ಆಮೇಲೆ ಏನಾದರೂ ಸೇರಿಸಿದ್ದೀರಾ? ಸೇರಿಸಿದ್ದನ್ನು ನಾವು ತೆಗೆದುಕೊಳ್ಳುವುದಿಲ್ಲ.

“ಅಂದ್ರ ನಾವು ಸುಳ್ಳ ಹೇಳಾಕತ್ತೇವೇನು?” ಮಹಾದೇವ ಕೆಂಪಾದ. “ನಮ್ಮ ಓಣ್ಯಾಗ ಯಾರ್ನ ಬೇಕಾದ್ರೂ ಕೇಳ್ರಿ. ಆ ಗೇಮಿನ ಹಾಡೆಲ್ಲಾ ಹಂಗ ಇದ್ದೂ.”

ಕೇಳಿದೆ. (ಖಚಿತಪಡಿಸಿಕೊಳ್ಳುವ ಚಟ ರಿಟೈರ್ ಆಗುವುದಿಲ್ಲ.) ಬನಹಟ್ಟಿಗೆ ಹೋಗಿ, ಈರಣ್ಣನೂ ಸೇರಿ ಆ ಕಾಲದ ನಾಲ್ಕಾರು ಜನರಿಂದ ಗೇಮಿನ ಆರಂಭದ ಹಾಡನ್ನು ಬಾಯಲ್ಲಿ ಹೇಳಿಸಿದೆ. ಎಲ್ಲರೂ ಒಂದೇ ಥರ. ಟಿಂಗ್ ಟಿಂಗ್, ಖಟಕ್-ಖಟ್. ಅದೇ ಹಾಡನ್ನು ವಿಕಿಯಲ್ಲಿ ಕೇಳಿದರೆ ಬರೀ ಟಿಂಗ್ ಟಿಂಗ್. ಖಟಕ್ ಎಲ್ಲಿ ಹೋಯಿತು?

ಯೋಚಿಸುತ್ತ ಮಹಾದೇವನ ಮನೆಯಲ್ಲಿ ಕೂತು ನೀರು ಕೇಳಿದೆ. ಯಾರಿಗೂ ಕೇಳಿಸಲಿಲ್ಲ. ಕೂಗಿ ಕೇಳಿದೆ. ನೀರು ಬಂತು. ಆಗ ಹೊಳೆಯಿತು.

“ಮಹಾದೇವಾ, ಈ ಸದ್ದು?”

“ಯಾವ ಸದ್ದ್ರಿ?”

ಪಕ್ಕದ ಶೆಡ್ಡಿನಲ್ಲಿ ಪವರ್‌ಲೂಮ್ ನಡೆದಿತ್ತು. ಖಟಕ್-ಖಟ್, ಖಟಕ್-ಖಟ್.

ಹುಟ್ಟಿದಾಗಿನಿಂದ ಕೇಳಿದ ಸದ್ದು ಯಾರ ಕಿವಿಗೆ ಬೀಳುತ್ತದೆ? ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ ನಿಜ, ಆದರೆ ಆಗ ಟಿವಿಯೂ ನಿಲ್ಲುತ್ತದೆ. ಹೀಗಾಗಿ ಮಗ್ಗವಿಲ್ಲದೆ ಆ ಗೇಮಿನ ಹಾಡನ್ನು ಆ ಓಣಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ಇಡೀ ಓಣಿ ಮೂವತ್ತು ವರ್ಷ ನೇಕಾರಿಕೆಯನ್ನು ಸಂಗೀತದಲ್ಲಿ ಸೇರಿಸಿಕೊಂಡು ಹಾಡಿದೆ. ಮಹಡಿಯಲ್ಲಿದ್ದ ನಾನೂ ಅದನ್ನೇ ‘ತಾಳವಾದ್ಯ’ ಅಂತ ಬರೆದು ಕಳಿಸಿದೆ!

ಈಗ ವಿಕಿಗೆ ಪುರಾವೆ ಬೇಕು. ಹಾಡು ಮುಂದುವರಿದು ಮಗ್ಗ ಮಾತ್ರ ನಿಂತ ಒಂದು ಜಾಗ ಟೇಪಿನಲ್ಲಿ ಸಿಕ್ಕರೆ ಸಾಕು. ಮಹಾದೇವನನ್ನು ಕ್ಯಾಸೆಟ್ಟಿನ ಸಮೇತ ಜಮಖಂಡಿಯ ನಮ್ಮ ಮನೆಗೆ ಕರೆತಂದು, “ಮೊದಲಿಂದ ಕೇಳೋಣ” ಅಂದೆ.

“ಮೊದ್ಲಿಂದ ಯಾಕ್ರಿ ಕಾಕಾ? ಮುಂದಿಂದ ಅಷ್ಟ ಸಾಕಲ್ರಿ.” ಮಹಾದೇವನಿಗೆ ಇದ್ದಕ್ಕಿದ್ದಂತೆ ರಬಕವಿಯಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು.

ಅವನು ಎದ್ದು ಹೋಗುವುದರೊಳಗೆ ನಾನು ಗುಂಡಿ ಒತ್ತಿದ್ದೆ. ಮೊದಲು ಮಗ್ಗದ ಸದ್ದು. ಆಮೇಲೆ ಹುಡುಗ ಮಹಾದೇವನ ಒಡೆದ ದನಿ: “ಅಕ್ಕಾ! ಆಟ ತಡದ ಇಟ್ಟೇನಿ, ಲಗೂ ಬಾ ಬೇ! ನನ್ನ ಕೈ ನಡಗಾಕತ್ತಾವು, ಕಪ್ಪಿ ಸಾಯ್ತೈತಿ!”

ಮಗ್ಗ ನಿಂತಿತು.

“ಸರಿ ಅತ್ಲಾಗ. ಕೊಡ ಇಲ್ಲೆ.” ಗಂಗವ್ವನ ದನಿ. ಪಟಪಟ ಗುಂಡಿ ಒತ್ತಿದ ಸಪ್ಪಳ. ಒಮ್ಮೆಲೇ ಹಾಡು ಬಂತು, ತಾಳವಿಲ್ಲದೆ, ತೊಳೆದಿಟ್ಟ ಹಾಗೆ. ಅದರ ಮೇಲೇ ಗಂಗವ್ವ: “ಆತು ನೋಡ. ಇಷ್ಟಕ್ಕ ಅಳಾಕತ್ತಿದ್ದೇನಲೇ?” ಆಕೆ ಎದ್ದು ಹೋದಳು. ಮಗ್ಗ ಮತ್ತೆ ಶುರು. ಖಟಕ್-ಖಟ್. ಇಲ್ಲಿಂದ ಮುಂದಿನದನ್ನೇ ಮಹಾದೇವ ಮೂವತ್ತು ವರ್ಷ ಎಲ್ಲರಿಗೂ ಕೇಳಿಸಿದ್ದು.

ನಾನು ಅವನ ಮುಖ ನೋಡಿದೆ. ಅವನು ಟೇಪ್ ರೆಕಾರ್ಡರಿನ ಮುಖ ನೋಡಿದ.

“ಹೇಳಿ ಹೇಳಿ ನನಗೂ ಖರೇನ ಅನಿಸಿಬಿಟ್ಟಿತ್ರಿ ಕಾಕಾ.”

ನೆನಪಿರುವುದನ್ನು ಬರೆಯಬೇಡಿ ಅಂತ ವಿಕಿಯವರು ಸುಮ್ಮನೆ ಹೇಳಿರಲಿಲ್ಲ. ಆಗಲೇ ಅವನು ಕೈಮುಗಿದದ್ದು. ಮಾತನ್ನಷ್ಟು ತೆಗೆಯಿರಿ, ಹಾಡು ಇರಲಿ ಅಂತ. ಪಾಪ, ಅವನ ಸಂಕಟವೂ ಸಣ್ಣದಲ್ಲ. ಆ ಅರ್ಧ ನಿಮಿಷ ಕಳಿಸದಿದ್ದರೆ ವಿಕಿ ಹಾಡನ್ನು ನಂಬುವುದಿಲ್ಲ. ಕಳಿಸಿದರೆ ಈರಣ್ಣ ಇವನನ್ನು ನಂಬುವುದಿಲ್ಲ.

“ಕತ್ತರಿಸಂಗಿಲ್ಲಪಾ” ಅಂದೆ. “ಕಳಿಸಿದ್ರ ಪೂರಾ ಕಳಿಸೋಣ. ಬ್ಯಾಡಂದ್ರ ಕ್ಯಾಸೆಟ್ಟು ನಿಂದು, ತಗೊ.”

ತೆಗೆದುಕೊಂಡ. ಹೋಗುವಾಗ ಚಹಾ ಕುಡಿ ಅಂದರೆ ಬೇಡವೆನ್ನಲಿಲ್ಲ, ಕುಡಿಯಲೂ ಇಲ್ಲ. ಕೆಲವು ದಿನ ಫೋನಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂತು: “ಕಾಕಾ, ಟೇಪ್ ರೆಕಾರ್ಡರ್ ತಗೊಂಡು ಈರ್ಯಾನ ಅಂಗಡಿಗೆ ಬರ್ರಿ. ಹೆಸರ ಅಕ್ಕಂದ ಇರ್ಲಿ. ನಮ್ಮ ಮನೀದ ಅಲ್ರಿ?”

ಅಂಗಡಿಯಲ್ಲಿ ಮಹಾದೇವನೇ ಕ್ಯಾಸೆಟ್ಟು ಹಾಕಿದ, ಮೊದಲಿಂದ. ಈರಣ್ಣ ಕಿಟ್ಲಿ ಕೆಳಗಿಟ್ಟು ಕೇಳಿದ. “ಕಪ್ಪಿ ಸಾಯ್ತೈತಿ” ಬಂದಾಗ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಈರಣ್ಣ ನಗಲಿಲ್ಲ.

“ಅಂದ್ರ ಕಪ್ಪಿ ಖರೇನ ಮ್ಯಾಲೆ ಬಂದಿತ್ತು?”

“ಬಂದಿತ್ತಲೇ. ನಮ್ಮಕ್ಕ ತಂದಿದ್ಲು.” ಈ ಮಾತು ಹೇಳುವಾಗ ಮಹಾದೇವ ಎದೆ ಸೆಟೆಸಿದ್ದನ್ನು ದಾಖಲಿಸಬೇಕು.

ಇನ್ನು ಉಳಿದದ್ದು ದನಿಯ ಒಡತಿಯ ಒಪ್ಪಿಗೆ. ಗಂಗವ್ವ ಈಗ ಲೋಕಾಪುರದ ಸೊಸೆ. ಮಹಾದೇವ ಸ್ಪೀಕರ್ ಹಾಕಿ ಫೋನ್ ಹಚ್ಚಿದ.

“ಯಾಕೋ? ಯಾರಿಗೇನಾತು?” (ಹೊತ್ತಲ್ಲದ ಹೊತ್ತಿನಲ್ಲಿ ತಮ್ಮ ಫೋನ್ ಮಾಡಿದರೆ ಅಕ್ಕಂದಿರು ಬೇರೇನು ಕೇಳುತ್ತಾರೆ?)

ವಿಷಯ ಹೇಳಿ ಟೇಪು ಕೇಳಿಸಿದೆವು. ಆಕೆ ನಗುವುದು ಮುಗಿಯುವ ತನಕ ಕಾಯಬೇಕಾಯಿತು. “ಹಾಕ್ರಿ ಹಾಕ್ರಿ, ಅದಕ್ಕೇನ ಒಪ್ಪಿಗಿ. ಇಷ್ಟ ವರ್ಷ ಊರಾಗ ಯಾರೂ ಕೇಳಲಿಲ್ಲ, ಈಗ ಯಾವನೋ ಪರದೇಶದಾವ ಕೇಳ್ಯಾನ ನೋಡ್ರಿ, ಆಡಿದವ್ರು ಯಾರಂತ.”

ಈರಣ್ಣನಿಗೆ ತಡೆಯಲಾಗಲಿಲ್ಲ. ಫೋನಿಗೆ ಬಾಯಿ ಹಚ್ಚಿದ. “ಗಂಗಕ್ಕಾ, ಮ್ಯಾಲೆ ಬಂದು ಕಪ್ಪಿ ಏನ್ ಮಾಡ್ತು?”

“ಮಾಡೋದೇನು? ಬಾಜೂಕ ಇನ್ನೊಂದು ಬಾವಿ ಇತ್ತು. ಅದರ ಕಟ್ಟಿ ಮ್ಯಾಲ ಹೋಗಿ ಕುಂತ್ತು. ಗುಂಡಿ ಒತ್ತೋದನ್ನ ಕಾಯ್ಕೋತ ಅಲ್ಲೇ ಕುಂತಿತ್ತು.”

ಈರಣ್ಣನ ಮುಖಕ್ಕೆ ಮೆಲ್ಲಗೆ ಕಳೆ ಬಂತು.

“ಲೇ ಮಾದ್ಯಾ! ಹಂಗಾರ ಆಟ ಮುಗದ ಇಲ್ಲ!”

“ಅದು ಬರೇ ಚಿತ್ರ ಅಂತ ತಿಳದಿದ್ನೆಲೇ...”

“ಗುಂಡಿ ಒತ್ತಿ ನೋಡಬಾರದ?”

“ಒತ್ತಿ ಕಪ್ಪಿ ಬಿದ್ದು ಸತ್ತಿದ್ರ?”

ಇಬ್ಬರೂ ಬೆಂಚು ಬಿಟ್ಟು ಎದ್ದಿದ್ದರು. ಇನ್ನೊಂದು ಮೂವತ್ತು ವರ್ಷಕ್ಕೆ ಸಾಕಾಗುವಷ್ಟು ಜಗಳ ಸಿಕ್ಕಿತ್ತು. ನಾನು ಫೋನ್ ಎತ್ತಿಕೊಂಡು, ವರದಿಗಾರ ಕೇಳಬೇಕಾದ ಪ್ರಶ್ನೆ ಕೇಳಿದೆ: “ಗಂಗವ್ವಾ, ನೀನರ ಮುಂದ ಯಾಕ ಆಡಲಿಲ್ಲ?”

“ನನಗ ಮಗ್ಗ ಇತ್ತಲ್ರಿ ಅಣ್ಣಾರ” ಎಂದಳು. ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಫೋನ್ ಕಟ್ಟಾಯಿತು.

ವಿಕಿಯಲ್ಲಿ ಈಗ ಹಾಡು ಇದೆ, ಅರ್ಧ ನಿಮಿಷದ ಸಮೇತ. ಮೊದಲ ಬಾವಿ ದಾಟಿದಾಗಿನ ಹಾಡು. ಆಡಿದವರು ಗಂಗವ್ವ, ರೆಕಾರ್ಡ್ ಮಾಡಿದವರು ಮಹಾದೇವ, ಹಿನ್ನೆಲೆಯ ಸದ್ದು ಬನಹಟ್ಟಿಯ ಪವರ್‌ಲೂಮ್. ಕೆಳಗೆ ಮೊದಲಿದ್ದ ಸಾಲು ಹಾಗೇ ಇದೆ. ಕೊನೆಯ ಹಾಡು: ಸಿಕ್ಕಿಲ್ಲ. ಡಬ್ಬಿ ಹುಡುಕಲು ಮಹಾದೇವ ಮುಧೋಳಕ್ಕೆ ಹೊರಟಿದ್ದಾನೆ. ಜೊತೆಗೆ, ಅಂಗಡಿ ಮುಚ್ಚಿ, ಈರಣ್ಣ.

ಯಾಕೆ ಸಿಕ್ಕಿಲ್ಲ ಎಂದು ಬರೆಯಲು ಆ ಪುಟದಲ್ಲಿ ಜಾಗವಿಲ್ಲ. ಇದ್ದಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು: ಆಡುವಾಕೆಗೆ ಮಗ್ಗ ಇತ್ತು.