ಅಳಿಯಂದಿರು ಕೆಮ್ಮು ಎಣಿಸಿದ ವಾರ

ನಾನು ಹೇಳುತ್ತಾ ಹೋಗುತ್ತೇನೆ, ನೀನು ಬರೆದುಕೋ ಪುಟ್ಟಿ. ನಿನ್ನಪ್ಪನ ವಿಷಯ ಬಂದಾಗ ನಡುವೆ ನಗಬೇಡ, ಅಕ್ಷರ ಸೊಟ್ಟಗಾಗುತ್ತವೆ.

ನಮ್ಮ ಜೊತೆಗೇ ಇರುವ ಅಳಿಯಂದಿರದು, ಅಂದರೆ ನಿನ್ನಪ್ಪನದು, ಸರ್ಕಾರಿ ಕಚೇರಿ. ಹೊಸ ನಿಯಮ ತರುವ ಮೊದಲು ಅದರಿಂದ ಯಾರಿಗೆಷ್ಟು ಖರ್ಚು, ಯಾರಿಗೆಷ್ಟು ಲಾಭ ಅಂತ ಅಂದಾಜು ಮಾಡುವ ವಿಭಾಗ. ಮನುಷ್ಯ ಅಪ್ಪಟ ಚಿನ್ನ, ಆದರೆ ಎಣಿಸುವ ಚಟ. ನಮ್ಮ ಮನೆಗೆ ಹದಿನೇಳು ಮೆಟ್ಟಿಲು ಅಂತ ನನಗೆ ಹೇಳಿದ್ದೇ ಅವರು. ಮೂವತ್ತು ವರ್ಷ ಹತ್ತಿಳಿದರೂ ನಾನು ಎಣಿಸಿರಲಿಲ್ಲ. ಅಂದಿನಿಂದ ಹನ್ನೊಂದನೆಯದಕ್ಕೇ ಸುಸ್ತಾಗುತ್ತದೆ. ಇರಲಿ, ಎಲ್ಲಿದ್ದೆ?

ಹಾಂ, ಬೇಕರಿ. ಕಟ್ಟಿಗೆ ಒಲೆಯ ಬೇಕರಿಗಳೆಲ್ಲ ಚಿಮಣಿಗೆ ಮಸಿ ಹಿಡಿಯುವ ಫಿಲ್ಟರ್ ಹಾಕಿಸಬೇಕು ಅನ್ನುವ ನಿಯಮದ ಮಾತು ಬಂದಿತ್ತು. ಫಿಲ್ಟರಿನ ಖರ್ಚು ಬೇಕರಿಯವರಿಗೆ. ಲಾಭ ಅಂದರೆ ಜನ ಕೆಮ್ಮದೇ ಇರುವುದು, ಔಷಧಿ ಉಳಿಯುವುದು, ಕೆಲಸಕ್ಕೆ ರಜೆ ಹಾಕದೇ ಇರುವುದು. ಹತ್ತು ವರ್ಷ ಬೇರೆಯವರ ಹೆಸರಿನಲ್ಲಿ ವರದಿ ಬರೆದು ಸವೆದಿದ್ದ ಅಳಿಯಂದಿರಿಗೆ ಮೊದಲ ಸಲ ತಮ್ಮದೇ ಹೆಸರು ಬರುವ ವರದಿ ಇದು. ಕೆಟ್ಟರೆ ಮತ್ತೆ ಹತ್ತು ವರ್ಷ ಹಿಂದಿನ ಬೆಂಚು.

ನಮ್ಮ ಬೀದಿಯ ಬೇಕರಿ ಸುತ್ತ ಇಪ್ಪತ್ತು ಮನೆ ಆರಿಸಿ, ವಾರವಿಡೀ ಕೆಮ್ಮಿಗೊಂದು ಗೀಟು ಹಾಕಿ ಅಂತ ಹಾಳೆ ಹಂಚಿದರು. ನಮ್ಮ ಮನೆಯದನ್ನು ತಾವೇ ಹಾಕಿದರು. ವಾರದ ಕೊನೆಗೆ ನೆಲ ಒರೆಸುವಾಗ ನೋಡುತ್ತೇನೆ, ಹಾಳೆ ತುಂಬ ಗೀಟೋ ಗೀಟು.

"ಏನಿದು ಅಳಿಯಂದಿರೇ?"

"ಮಾವನವರ ಕೆಮ್ಮು ಅತ್ತೆ. ಈ ವಾರ ಇನ್ನೂರ ಹದಿನಾಲ್ಕು. ಉಳಿದ ಹತ್ತೊಂಬತ್ತು ಮನೆ ಸೇರಿಸಿದ್ರೂ ಇಷ್ಟಾಗಲ್ಲ."

"ಅಯ್ಯೋ, ಅದು ಹೊಗೆ ಕೆಮ್ಮಲ್ಲ. ಒಂದು ಸಲ ಕೆಮ್ಮಿದ್ರೆ ಒಳಗೆ ಬರ್ತಿದೀನಿ ಅಂತ. ಎರಡು ಸಲ ಅಂದ್ರೆ ಟೀ."

"ಮೂರು ಸಲ?"

"ಟೀಗೆ ಸಕ್ಕರೆ ಸಾಲದು."

ಅಳಿಯಂದಿರ ಮುಖ ಸಪ್ಪಗಾಯಿತು. "ನಿಮ್ಮದೂ ಅರವತ್ತೆರಡಿದೆ ಅತ್ತೆ."

"ಅದು ನಿಮ್ಮ ಮಾವನ ಮಾತು ಜಾಸ್ತಿ ಆದಾಗ."

"ಮತ್ತೆ ಇಷ್ಟು ವರ್ಷ ತಿಂಗಳಿಗೊಂದು ಬಾಟಲಿ ಸಿರಪ್ ತಂದಿದ್ದು?"

"ಸಿಹಿಯಾಗಿತ್ತು. ಪ್ರೀತಿಯಿಂದ ತರ್ತೀರ, ಬೇಡ ಅನ್ನೋದು ಹೇಗೆ ಅಂತ ಕುಡಿದ್ವಿ."

ಅಷ್ಟು ಹೊತ್ತಿಗೆ ಆ ಸಂಖ್ಯೆ ಅವರ ಕಚೇರಿಯ ಸಾಹೇಬರ ಮೇಜು ತಲುಪಿಯಾಗಿತ್ತು. ಶುಕ್ರವಾರ ಬೇಕರಿಯವರನ್ನೆಲ್ಲ ಕರೆದು ಸಭೆ. ತಪ್ಪಾಗಿದೆ ಅಂತ ಇವರು ಹೇಳಿದರೆ ಸಾಹೇಬರು, "ಈ ಸಂಖ್ಯೆ ಕೇಳಿದ್ರೆ ಅವರು ಬಾಯೇ ಬಿಡಲ್ಲ. ಸುಮ್ಮನಿದ್ದುಬಿಡಿ," ಅಂದರಂತೆ.

"ಸುಮ್ಮನಿರ್ತೀರಾ?" ಅಂತ ಊಟಕ್ಕೆ ಕೂತಾಗ ಕೇಳಿದೆ.

"ವರದಿ ಮೇಲಿರೋ ಹೆಸರು ನಂದಲ್ವಾ ಅತ್ತೆ," ಅಂದರು, ತಟ್ಟೆ ನೋಡುತ್ತಾ.

ಮರುದಿನ ಹೊಸ ಹಾಳೆ ತಂದರು. ಹೊಗೆಗೆ ಒಂದು ಸಾಲು, ಟೀಗೆ ಒಂದು ಸಾಲು, ಇತರೆಗೆ ಒಂದು. ನಿಮ್ಮ ತಾತ ಕೆರಳಿದರು. "ಇನ್ಮೇಲೆ ಕೆಮ್ಮೋಕೂ ಅರ್ಜಿ ಹಾಕ್ಕೋಬೇಕೇನ್ರಿ?" ಆಮೇಲೆ ಎಲ್ಲಿ ತಪ್ಪು ಸಾಲಿಗೆ ಬೀಳುತ್ತದೋ ಅಂತ ಕೆಮ್ಮುವುದನ್ನೇ ಬಿಟ್ಟರು. ಸಂಜೆ ಅಡುಗೆಮನೆ ಬಾಗಿಲಲ್ಲಿ ಅರ್ಧ ಗಂಟೆ ಮೂಕರಂತೆ ನಿಂತಿದ್ದರು. ಕೆಮ್ಮಿಲ್ಲ ಅಂತ ನಾನೂ ಟೀ ಮಾಡಲಿಲ್ಲ. ನನಗೇನು ಗೊತ್ತು?

ಈ ಮನೆಯಿಂದ ಸರಿಯಾದ ಲೆಕ್ಕ ಹೊರಡುವುದಿಲ್ಲ ಅಂತ ಅಳಿಯಂದಿರಿಗೆ ಖಾತ್ರಿಯಾಯಿತು.

ಬೀದಿಯವರೂ ಬರಬಹುದು ಅಂದಿದ್ದರು, ಶುಕ್ರವಾರದ ಸಭೆಗೆ ನಾನೂ ಹೋದೆ. ಅಳಿಯಂದಿರು ಎದ್ದು ನಿಂತು, "ಒಂದು ಮನೆಯನ್ನ ಲೆಕ್ಕದಿಂದ ತೆಗೆದಿದ್ದೀನಿ. ಅಲ್ಲಿನ ಕೆಮ್ಮು ಮಾತುಕತೆಗೆ ಸಂಬಂಧಪಟ್ಟಿದ್ದು. ಮೊದಲು ಎಣಿಸಿದ್ದು ನನ್ನ ತಪ್ಪು," ಅಂದರು. ಸಭೆ ಗೊಳ್ಳೆಂದಿತು. ಸಾಹೇಬರು ತಲೆ ಎತ್ತಲಿಲ್ಲ. ಅಳಿಯಂದಿರು ಹಾಳೆ ಹಿಡಿದು ನಿಂತೇ ಇದ್ದರು.

ಆಗ ನಮ್ಮ ಬೀದಿಯ ಬೇಕರಿಯವನು ಎದ್ದ. ನಿಯಮ ಬೇಡ ಅನ್ನಲು ಬಂದವನು ಅವನು. "ನಗಬೇಡಿ, ಅವರು ಹೇಳಿದ್ದು ನಿಜ. ನಿನ್ನೆಯ ಬ್ರೆಡ್ ಕೊಟ್ರೆ ಅಲ್ಲಿ ಕೂತಿರೋ ಅಜ್ಜಿ ಕೆಮ್ತಾರೆ. ನಾನು ತೆಪ್ಪಗೆ ಇವತ್ತಿಂದು ಕೊಡ್ತೀನಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡೆ.

"ಹಾಗಾದ್ರೆ ಉಳಿದ ಮನೆಗಳದ್ದೂ ಸುಳ್ಳು ಅಂತೀರಾ?" ಸಾಹೇಬರು ಕೇಳಿದರು.

ಬೇಕರಿಯವನು ಒಮ್ಮೆ ಅಳಿಯಂದಿರ ಕಡೆ ನೋಡಿದ. "ಇಲ್ಲ ಸಾರ್. ಎದುರುಮನೆ ಮಗೂದು ಹೊಗೆ ಕೆಮ್ಮೇ. ಒಲೆ ಹಚ್ಚಿದಾಗೆಲ್ಲ ನನಗೂ ಕೇಳಿಸತ್ತೆ. ಸ್ವಂತ ಮನೆ ಲೆಕ್ಕಾನೇ ಹೊಡೆದುಹಾಕಿದ ಮನುಷ್ಯ, ಫಿಲ್ಟರ್ ಖರ್ಚಲ್ಲೂ ನಮಗೆ ಮೋಸ ಮಾಡಿರಲ್ಲ. ಒಂದು ವರ್ಷ ಟೈಮ್ ಕೊಡಿ, ಹಾಕಿಸ್ತೀವಿ."

ನಮ್ಮ ಮನೆ ಬಿಟ್ಟು ಕೂಡಿದರೂ ಖರ್ಚಿಗಿಂತ ಲಾಭವೇ ಕೂದಲೆಳೆಯಷ್ಟು ಜಾಸ್ತಿ ಬಂತು. ವರ್ಷದ ಗಡುವು ಕೊಟ್ಟು ನಿಯಮ ಒಪ್ಪಿದರು.

ವರದಿ ಅಚ್ಚಾಗಿ ಬಂದಾಗ ಮೇಲೆ ಅಳಿಯಂದಿರ ಹೆಸರಿತ್ತು, ದಪ್ಪಕ್ಷರದಲ್ಲಿ. ನಿಮ್ಮ ತಾತ ಮಾತ್ರ ಹೆಸರು ದಾಟಿ ನೇರ ಮೂವತ್ತೊಂದನೇ ಪುಟಕ್ಕೆ ಹೋದರು. "ಒಂದು ಮನೆಯನ್ನು ಪರಿಗಣಿಸಿಲ್ಲ" ಅಂತ ಅಲ್ಲಿದೆ. ಮನೆಗೆ ಬಂದವರಿಗೆಲ್ಲ ಅದನ್ನೇ ಓದಿ, "ಅದು ನಾವೇ," ಅನ್ನುತ್ತಾರೆ. ಪಕ್ಕದಲ್ಲಿ ಕೂತ ಅಳಿಯಂದಿರು ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಹೆಸರಿರುವ ಕಡೆ ಮೇಲೆ ಬರುವಂತೆ ಇಡುತ್ತಾರೆ.