ಅಂಗೈ ಮೇಲಿನ ಆವೃತ್ತಿ

ನಮ್ಮ ಕಚೇರಿಯ ಅಕ್ಕೋರ ಎಡ ಅಂಗೈಯಲ್ಲಿ ಯಾವಾಗಲೂ ನೀಲಿ ಶಾಯಿ ಇರುತ್ತಿತ್ತು. ತಂತ್ರಾಂಶದ ಯಾವ ಆವೃತ್ತಿಯ ಮೇಲೆ ನಮ್ಮ ಕೆಲಸವನ್ನು ಓಡಿಸಿ ನೋಡಿದರೋ ಅದರ ನಂಬರನ್ನು ಅಲ್ಲೇ ಬರೆದುಕೊಳ್ಳುವುದು ಅವರ ಪದ್ಧತಿ. ಊಟಕ್ಕೆ ಮುಂಚೆ ಕೈ ತೊಳೆಯುವಾಗಲೂ ಎಡಗೈಯನ್ನು ಬೆನ್ನ ಹಿಂದೆ ಮಡಚುತ್ತಿದ್ದರು. ನಾವು ನಗುತ್ತಿದ್ದೆವು. ಅವರು ಅದಕ್ಕೆಲ್ಲ ಕಿವಿಗೊಡದೆ ನಮ್ಮ ಡಬ್ಬಿಗೆ ಒಂದೊಂದು ಜೋಳದ ರೊಟ್ಟಿ ಹಾಕುತ್ತಿದ್ದರು.

ಬೀದರಿನ ಮೈಲೂರಿನಲ್ಲಿ ನಮ್ಮದು ಎರಡು ಕೋಣೆಯ ಕಚೇರಿ. ದೊಡ್ಡ ಕಂಪನಿಗಳ ತಂತ್ರಾಂಶಕ್ಕೆ ನಮ್ಮ ಊರವರಿಗೆ ಬೇಕಾದ ಸಣ್ಣಪುಟ್ಟ ಆಡ್-ಆನ್, ಅಂದರೆ ಹೆಚ್ಚುವರಿ ತುಣುಕುಗಳನ್ನು, ಬರೆದು ಜೋಡಿಸಿ ಕೊಡುತ್ತೇವೆ. ಅಕ್ಕೋರು ದಿನಾ ಭಾಲ್ಕಿಯಿಂದ ಬಸ್ಸಿಗೆ ಬರುತ್ತಿದ್ದರು. ಅವರು ಪರಿಶೀಲಿಸಿ ಹ್ಞೂಂ ಅನ್ನದೆ ಒಂದೂ ಹೊರಗೆ ಹೋಗುತ್ತಿರಲಿಲ್ಲ.

ಔರಾದಿನ ಒಂದು ಆಸ್ಪತ್ರೆಯ ಔಷಧಿ ಅಂಗಡಿಗೆ ನಾನೊಂದು ಬರೆದೆ. ಯಾವ ಗುಳಿಗೆ ಯಾವ ಹೊತ್ತಿಗೆ ಎಂದು ಕನ್ನಡದಲ್ಲಿ ಚೀಟಿ ಮುದ್ರಿಸುವ ಆಡ್-ಆನ್. ನಮ್ಮವ್ವ ಸಕ್ಕರೆ ಕಾಯಿಲೆಗೆ ಗುಳಿಗೆ ತರುವುದು ಅಲ್ಲಿಂದಲೇ, ಹಾಗಾಗಿ ನನಗೆ ಭಾರೀ ಉಮೇದು. ಆದರೆ ಅಂಗಡಿಯ ಮೂಲ ತಂತ್ರಾಂಶ ಮಾಡಿದ ಕಂಪನಿಯವರು ಹೊರಗಿನವರಿಗೆಂದು ತೆರೆದಿಟ್ಟ ಬಾಗಿಲುಗಳಲ್ಲಿ ಗುಳಿಗೆಯ ಹೊತ್ತು ಸಿಗುತ್ತಿರಲಿಲ್ಲ. ಒಳಗೇ ಕೈಹಾಕಿ ಒಂದನೆಯದು ಬೆಳಿಗ್ಗೆ, ಎರಡನೆಯದು ಮಧ್ಯಾಹ್ನ, ಮೂರನೆಯದು ರಾತ್ರಿ ಎಂದು ಖಾನೆ ಎಣಿಸಿ ತೆಗೆಯಬೇಕಿತ್ತು.

"ಕಿಟಕ್ಯಾಗ ಕೈ ಹಾಕಿ ತಗೋಳ್ಳಾಕತ್ತಿ. ಆಗ್ಲಿ, ಬ್ಯಾರೆ ದಾರಿ ಇಲ್ಲ," ಎಂದರು ಅಕ್ಕೋರು. "ನಾಳಿ ಮನಿಯವರು ಒಳಗ ಸಾಮಾನು ಸರಿಸಿದ್ರ?"

"ಯಾಕ ಸರಸ್ತಾರ್ರಿ ಅಕ್ಕೋರ? ಇಷ್ಟು ದಿನ ಸರಿಸಿಲ್ಲ."

ಮುಂದಿನ ಎಲ್ಲ ಆವೃತ್ತಿಗಳಿಗೂ ನಡೆಯುತ್ತದೆ ಎಂದು ನಾನು ಆಡ್-ಆನ್‌ನಲ್ಲಿ ಧಾರಾಳವಾಗಿ ಬರೆದಿದ್ದೆ. "ನೋಡದ ಮನಿಗಿ ಹೆಣ್ಣು ಕೊಡ್ತಾರೇನೋ ತಮ್ಮಾ?" ಎಂದು ಅಕ್ಕೋರು ಅದನ್ನು ಅಳಿಸಿ, ಅಂಗೈ ನೋಡಿಕೊಂಡು, ಆ ನಂಬರಿನ ತನಕ ಮಾತ್ರ ಎಂದು ಮಿತಿ ಹಾಕಿದರು. ಅದನ್ನು ದಾಟಿದರೆ ಆಡ್-ಆನ್ ತಾನಾಗಿಯೇ ನಿಲ್ಲಬೇಕು.

ಒಂದು ಬೆಳಿಗ್ಗೆ ನಿಂತೇಬಿಟ್ಟಿತು. ಮೂಲ ತಂತ್ರಾಂಶ ಹೊಸ ಆವೃತ್ತಿಗೆ ಏರಿತ್ತು. "ಚೀಟಿ ಬಂದ್ ಆಗ್ಯಾವ್ರಿ! ಮಂದಿ ಲೈನ್ ಹಚ್ಯಾರ!" ಎಂದು ಔಷಧಿ ಅಂಗಡಿಯವರ ಫೋನು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮಾಲಕರೂ ಬಂದು, "ಆ ಮಿತಿ ತೆಗದು ಕಳಸ್ರಿ ಅಕ್ಕೋರ," ಎಂದರು.

ಅಕ್ಕೋರು ಜಗ್ಗಲಿಲ್ಲ. ಅಂಗಡಿಯವರಿಗೆ ಫೋನಿನಲ್ಲಿ, "ಇವತ್ತ ಕೈಲೇ ಬರೀರಿ ಭಾಯಿ. ಬೈಯೋದಿದ್ರ ನನಗ ಬೈರಿ," ಎಂದು ಫೋನಿಟ್ಟು ನನ್ನತ್ತ ತಿರುಗಿದರು. "ಇಲ್ಲೇ ಮಿತಿ ತೆಗದು ನಿಮ್ಮವ್ವನ ಔಷಧಿ ಹಾಕು, ನೋಡಮು."

ಹಾಕಿದೆ. ಚೀಟಿ ಬಂತು. ಮಧ್ಯಾಹ್ನ ಊಟದ ಜೊತೆ ನುಂಗುವ ಸಕ್ಕರೆ ಗುಳಿಗೆ 'ರಾತ್ರಿ ಮಲಗುವಾಗ' ಎಂಬಲ್ಲಿ ಕೂತಿತ್ತು. ಹೊಸ ಆವೃತ್ತಿಯವರು 'ಖಾಲಿ ಹೊಟ್ಟೆ' ಎಂಬ ಖಾನೆಯನ್ನು ಎಲ್ಲದಕ್ಕಿಂತ ಮುಂದೆ ಸೇರಿಸಿದ್ದರು, ನಾನು ಎಣಿಸಿದ್ದೆಲ್ಲ ಒಂದೊಂದು ಸರಿದಿತ್ತು. ಅವ್ವ ರಾತ್ರಿ ಉಣ್ಣುವುದೇ ಅಷ್ಟಕ್ಕಷ್ಟೆ. ಸಕ್ಕರೆ ಇಳಿದು, ನಿದ್ದೆಯಲ್ಲೇ... ಆ ಮಾತು ಮುಗಿಸಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ನಾ ಹೇಳಿರಲಿಲ್ಲವೇ ಎಂದು ಅಕ್ಕೋರು ಅನ್ನಲಿಲ್ಲ. "ಚಾ ತರಸು," ಎಂದರು.

ಖಾನೆ ಎಣಿಸುವುದನ್ನು ಬಿಟ್ಟು ಹೆಸರು ಹಿಡಿದು ಹುಡುಕುವಂತೆ ತಿದ್ದಿದೆವು. ಅದನ್ನು ಕೂಡಿಸಲು ಅವರೇ ಔರಾದಿಗೆ ಬಂದರು. ಅಲ್ಲೇ ಇದ್ದ ನಮ್ಮ ಮನೆಗೂ ಬಂದು ಅವ್ವನ ಮುಂದೆ ಅಂಗೈ ಬಿಚ್ಚಿ, "ನಾ ನೋಡೀನ್ರಿ ಅವ್ವಾರ, ನುಂಗ್ರಿ," ಎಂದರು. ಅಂದಿನಿಂದ ಹೊಸ ಚೀಟಿ ಬಂದಾಗಲೆಲ್ಲ ಅವ್ವನದು ಒಂದೇ ಪ್ರಶ್ನೆ: "ಅಕ್ಕೋರು ನೋಡ್ಯಾರೇನೋ?"

ಕೆಲ ಕಾಲದ ಮೇಲೆ ಕಾಯಿಲೆ ಬಿದ್ದ ಅಕ್ಕೋರು ಮತ್ತೆ ಏಳಲಿಲ್ಲ. ಭಾಲ್ಕಿಗೆ ಕೊನೆಯ ದರ್ಶನಕ್ಕೆ ಹೋದಾಗ ಹಣೆಯ ಮೇಲೆ ವಿಭೂತಿ ಇತ್ತು, ಅಂಗೈಯಲ್ಲಿ ಶಾಯಿ ಇರಲಿಲ್ಲ. ಅದನ್ನು ನೋಡಿಯೇ ನಾನು ಅತ್ತದ್ದು. ನನ್ನ ಅವ್ವನನ್ನು ಉಳಿಸಿಕೊಟ್ಟ ಕೈ ಅದು.

ಮೊನ್ನೆ ಮತ್ತೆ ಹೊಸ ಆವೃತ್ತಿ ಬಂತು. ಒಂದೊಂದೇ ಗುಳಿಗೆ ಹಾಕಿ ನೋಡಿ, ಮಿತಿಯನ್ನು ಒಂದು ನಂಬರು ಮಾತ್ರ ಮೇಲೇರಿಸಿದೆ. ಮನೆಯಲ್ಲಿ ಅವ್ವ ಹೊಸ ಚೀಟಿ ಹಿಡಿದು ಕೂತಿದ್ದಳು, ಗುಳಿಗೆ ಕೈಯಲ್ಲೇ ಇತ್ತು.

"ಈಗ ಇದನ್ನ ಯಾರು ನೋಡ್ಯಾರೋ?"

ನಾನು ಎಡ ಅಂಗೈ ಬಿಚ್ಚಿ ತೋರಿಸಿದೆ. ಅವ್ವ ಶಾಯಿ ನೋಡಿದಳು, ನನ್ನ ಮುಖ ನೋಡಿದಳು.

"ನೀರು ತಾ," ಎಂದಳು.